ಜೆಫರ್ಸನ್ನನ ಗುರು ಜಾರ್ಜ್ ವಿತ್

ಅಮೆರಿಕದ ಸ್ವಾತಂತ್ರ್ಯ ಘೋಷಣಾಪತ್ರದ ಅಡಿಯಲ್ಲಿ ೫೬ ಮಂದಿಯ ಸಹಿಗಳಿವೆ. ಅವುಗಳಲ್ಲಿ ವರ್ಜಿನಿಯಾ ಪ್ರಾಂತದ ಪ್ರತಿನಿಧಿಗಳದು ಏಳು. ಆ ಪತ್ರವನ್ನು ಬರೆದ ಥಾಮಸ್ ಜೆಫರ್ಸನ್ ಈ ಏಳು ಮಂದಿಯಲ್ಲಿ ಒಬ್ಬ. ಆದರೆ ಗುಂಪಿನ ತಲೆಯ ಮೇಲಿರುವ ಹೆಸರು ಅವನದಲ್ಲ. ಸಹಿಗಳು ಬೀಳುತ್ತಿದ್ದ ದಿನ ಊರಿನಲ್ಲೇ ಇಲ್ಲದ ಒಬ್ಬ ಹಿರಿಯನಿಗಾಗಿ ಉಳಿದವರು ಮೇಲೆ ಸ್ಥಳ ಬಿಟ್ಟು ತಮ್ಮ ಹೆಸರುಗಳನ್ನು ಕೆಳಗೆ ಬರೆದರು. ಆತ ಕೆಲವು ವಾರಗಳ ಅನಂತರ ಬಂದು ಆ ಸ್ಥಳವನ್ನು ತುಂಬಿದ ಎಂದು ಹೇಳುತ್ತಾರೆ. ಆ ಹಿರಿಯನೇ ಜಾರ್ಜ್ ವಿತ್. ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಇವರ ಹೆಸರುಗಳನ್ನು ಶಾಲಾದಿನಗಳಿಂದ ಬಲ್ಲ ನಾವು ಈ ಹೆಸರನ್ನು ಕೇಳಿರುವುದು ಅಪರೂಪ. ಅವನು ಯುದ್ಧ ಮಾಡಿ ಗೆದ್ದವನಲ್ಲ, ದೇಶವನ್ನಾಳಿದವನೂ ಅಲ್ಲ. ವಕೀಲ, ಪುಟ್ಟ ರಾಜಧಾನಿಯೊಂದರ ಮೇಯರ್, ಅಧ್ಯಾಪಕ, ನ್ಯಾಯಾಧೀಶ, ಇಷ್ಟೇ. ಆದರೂ ಅವನ ಬಾಳನ್ನೂ ಸಾವನ್ನೂ ಒಟ್ಟಿಗೆ ನೋಡಿದಾಗ ಆ ಹೊಸ ದೇಶದ ಹುಟ್ಟಿನಲ್ಲೇ ಇದ್ದ ಒಂದು ಬಿರುಕು ನಮ್ಮ ಕಣ್ಣಿಗೆ ಬೀಳುತ್ತದೆ.

ವಿತ್ ಹುಟ್ಟಿದ್ದು ೧೭೨೬ರಲ್ಲಿ, ವರ್ಜಿನಿಯಾದ ಕಡಲತೀರಕ್ಕೆ ಹತ್ತಿರದ ಚೆಸ್ಟರ್‌ವಿಲ್ ಎಂಬ ತೋಟದ ಮನೆಯಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡ. ಇಂಗ್ಲೆಂಡಿನ ಪದ್ಧತಿಯಂತೆ ಆಸ್ತಿಯೆಲ್ಲ ಹಿರಿಯ ಮಗನಿಗೆ ಹೋಯಿತು. ಕಿರಿಯವನಾದ ಜಾರ್ಜನ ಪಾಲಿಗೆ ಬಂದದ್ದು ತಾಯಿಯ ವಿದ್ಯೆ ಮಾತ್ರ. ತಾಯಿ ಮಾರ್ಗರೆಟ್ ಆ ಕಾಲದ ಹೆಂಗಸರಲ್ಲಿ ಅಪರೂಪವಾದ ಓದನ್ನು ಪಡೆದಿದ್ದವಳು. ಮಗ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಲ್ಲಿ ಓದುತ್ತಿದ್ದರೆ ತಾಯಿ ಇಂಗ್ಲಿಷ್ ಪ್ರತಿಯನ್ನು ಕೈಯಲ್ಲಿ ಹಿಡಿದು ತಪ್ಪು ತಿದ್ದುತ್ತಿದ್ದಳೆಂಬ ಮಾತು ಬಳಿಕೆಯಲ್ಲಿದೆ. ಅದು ಅಕ್ಷರಶಃ ನಿಜವೋ ಅಲ್ಲವೋ, ಗ್ರೀಕ್ ಲ್ಯಾಟಿನ್‌ಗಳ ಗೀಳು ಮಾತ್ರ ಅವನನ್ನು ಕೊನೆಯ ಉಸಿರಿನವರೆಗೂ ಬಿಡಲಿಲ್ಲ.

ಕಾನೂನು ಕಲಿಯಲು ಆ ಪ್ರಾಂತದಲ್ಲಿ ಅಂದು ಶಾಲೆಯಿರಲಿಲ್ಲ. ಯಾರಾದರೂ ವಕೀಲನ ಬಳಿ ಸೇರಿ, ಅವನ ಕಾಗದಪತ್ರಗಳನ್ನು ನಕಲು ಮಾಡಿಕೊಂಡು, ಬಿಡುವಾದಾಗ ಪುಸ್ತಕ ತಿರುವಿಹಾಕಿ ಕಲಿಯಬೇಕಾಗಿತ್ತು. ವಿತ್ ತನ್ನ ಬಂಧು ಸ್ಟೀಫನ್ ಡ್ಯೂಯಿ ಎಂಬಾತನ ಬಳಿ ಸೇರಿದ. ಅಲ್ಲಿ ಗುಮಾಸ್ತೆಯ ದುಡಿಮೆ ಹೇರಳವಾಗಿ ದೊರೆಯಿತು, ವಿದ್ಯೆ ದೊರೆಯಲಿಲ್ಲ ಎಂದು ಮುಂದೆ ಅವನು ಕಹಿಯಾಗಿ ನೆನೆಯುತ್ತಿದ್ದನಂತೆ. ಈ ಕಹಿ ವ್ಯರ್ಥವಾಗಲಿಲ್ಲ. ತನ್ನ ಬಳಿಗೆ ಹುಡುಗರು ಬಂದಾಗ ಅವರನ್ನು ಹೇಗೆ ನಡೆಸಿಕೊಳ್ಳಬಾರದೆಂಬುದನ್ನು ಅದು ಅವನಿಗೆ ಕಲಿಸಿತು. ೧೭೪೬ರಲ್ಲಿ ಅವನು ವಕೀಲನಾದ. ಮರುವರ್ಷದ ಕೊನೆಗೆ ಮದುವೆಯಾಯಿತು. ಹೆಂಡತಿ ಎಂಟು ತಿಂಗಳಲ್ಲೇ ತೀರಿಕೊಂಡಳು.

ಆಮೇಲೆ ಅವನು ನೆಲೆಸಿದ್ದು ಪ್ರಾಂತದ ರಾಜಧಾನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ. ಒಂದು ತುದಿಯಲ್ಲಿ ಕಾಲೇಜು, ಇನ್ನೊಂದು ತುದಿಯಲ್ಲಿ ಶಾಸನಸಭೆಯ ಭವನ, ನಡುವೆ ಒಂದು ಅಗಲವಾದ ಬೀದಿ, ಬದಿಗೆ ಗವರ್ನರನ ಅರಮನೆ, ಊರೆಂದರೆ ಅಷ್ಟೇ. ವಿತ್ ಇಲ್ಲಿ ಎರಡನೆಯ ಮದುವೆಯಾದ. ಆ ಹೆಂಡತಿ ಎಲಿಜಬೆತ್‌ಳ ಮನೆತನದ ಹೆಸರನ್ನು ಟಾಲಿಯಾಫೆರೋ ಎಂದು ಬರೆದು ಟಾಲಿವರ್ ಎಂದು ಉಚ್ಚರಿಸುತ್ತಾರೆ. ಇಂಗ್ಲಿಷಿನ ಲೀಲೆಗಳಿಗೆ ಕೊನೆಯುಂಟೆ? ಮಾವ ಕಟ್ಟಿಸಿದ ಇಟ್ಟಿಗೆಯ ಎರಡಂತಸ್ತಿನ ಮನೆಯಲ್ಲಿ ದಂಪತಿಗಳು ಬಾಳಿದರು. ಹುಟ್ಟಿದ ಒಂದೇ ಮಗು ಎಳೆತನದಲ್ಲೇ ಕಣ್ಮುಚ್ಚಿತು. ಆ ಮನೆ ಇಂದಿಗೂ ನಿಂತಿದೆ.

ವಕೀಲ ವೃತ್ತಿಯ ವಿಷಯದಲ್ಲಿ ಅವನ ಬಗೆಗೆ ಹೇಳುವ ಸಂಗತಿಯನ್ನು ಕೇಳಿದರೆ ಇಂದಿನ ನಮ್ಮ ಕೋರ್ಟು ಕಚೇರಿಗಳ ಪರಿಚಯವುಳ್ಳವರು ನಗಬಹುದು. ಕಕ್ಷಿಗಾರನ ಕಥೆಯಲ್ಲಿ ಸುಳ್ಳಿದೆಯೆಂದು ತಿಳಿದರೆ ಅವನು ಫೀಜನ್ನು ಹಿಂದಿರುಗಿಸಿ ದಾವೆಯನ್ನು ಕೈಬಿಡುತ್ತಿದ್ದನಂತೆ. ಅಧಿಕಾರದ ವಿಷಯದಲ್ಲೂ ಇದೇ ಬಗೆ. ೧೭೫೪ರಲ್ಲಿ ಅಟಾರ್ನಿ ಜನರಲ್ ಪೇಟನ್ ರಾಂಡಾಲ್ಫ್ ಇಂಗ್ಲೆಂಡಿಗೆ ಹೋಗಬೇಕಾಗಿ ಬಂದಾಗ ಆ ಹುದ್ದೆ ಇಪ್ಪತ್ತೆಂಟರ ವಿತ್‌ಗೆ ಒಲಿಯಿತು. ರಾಂಡಾಲ್ಫ್ ಮರಳಿದಾಗ ಮರುಮಾತಿಲ್ಲದೆ ಬಿಟ್ಟುಕೊಟ್ಟ. ಅದೇ ವರ್ಷ ಶಾಸನಸಭೆಗೆ ಆರಿಸಿಬಂದ. ೧೭೬೮ರಲ್ಲಿ ಊರಿನ ಮೇಯರ್ ಆದ; ಅದೇ ವರ್ಷ ಶಾಸನಸಭೆಯ ಕಾರ್ಯದರ್ಶಿಯೂ ಆಗಿ ಆ ಕೆಲಸವನ್ನು ಏಳು ವರ್ಷ ಮಾಡಿದ.

ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಮೇಲೆ ಸ್ಟಾಂಪು ತೆರಿಗೆಯನ್ನು ಹೇರಲು ಹೊರಟಾಗ, ೧೭೬೪ರಲ್ಲಿ, ಅದನ್ನು ಪ್ರತಿಭಟಿಸುವ ಮನವಿಯ ಕರಡನ್ನು ಬರೆದವನು ವಿತ್. ಅದರ ಮಾತು ಎಷ್ಟು ಖಾರವಾಗಿತ್ತೆಂದರೆ ಸಭೆಯ ಇತರರು ಅಂಜಿ ಅದನ್ನು ಮೆದುಗೊಳಿಸಿ ಕಳಿಸಿದರು. ಸ್ವಾರಸ್ಯವೆಂದರೆ, ಮರುವರ್ಷ ಪ್ಯಾಟ್ರಿಕ್ ಹೆನ್ರಿ ತನ್ನ ಗುಡುಗಿನ ಭಾಷಣದೊಡನೆ ಉಗ್ರವಾದ ನಿರ್ಣಯಗಳನ್ನು ತಂದಾಗ ವಿತ್ ಅವುಗಳನ್ನು ವಿರೋಧಿಸಿದ. ಮನವಿಗೆ ಇಂಗ್ಲೆಂಡಿನಿಂದ ಉತ್ತರ ಬರುವ ಮೊದಲೇ ಮತ್ತೊಂದು ಹೆಜ್ಜೆ ಇಡುವುದು ತರವಲ್ಲವೆಂಬುದು ಅವನ ವಾದ. ವಿಚಾರದಲ್ಲಿ ಧೈರ್ಯ, ನಡವಳಿಕೆಯಲ್ಲಿ ಸಾವಧಾನ. ಇದು ಅವನ ಸ್ವಭಾವ.

ಈ ವೇಳೆಗಾಗಲೇ ಅವನ ಬಾಳಿನ ಅತ್ಯಂತ ಫಲವತ್ತಾದ ಸಂಬಂಧ ಆರಂಭವಾಗಿತ್ತು. ೧೭೬೨ರಲ್ಲಿ, ಹತ್ತೊಂಬತ್ತು ವರ್ಷದ ಜೆಫರ್ಸನ್ ಕಾಲೇಜನ್ನು ಮುಗಿಸಿ ಅವನ ಬಳಿ ಕಾನೂನು ಕಲಿಯಲು ಬಂದ. ಕಲಿಕೆ ಐದು ವರ್ಷ ನಡೆಯಿತು. ಕಾನೂನಿನ ಜೊತೆಗೆ ಇತಿಹಾಸ, ತತ್ತ್ವಶಾಸ್ತ್ರ, ಪ್ರಾಚೀನ ಕಾವ್ಯ ಎಲ್ಲವೂ ಅದರಲ್ಲಿ ಸೇರಿದ್ದುವು. ಗವರ್ನರ್ ಫೋಕಿಯರ್, ಕಾಲೇಜಿನ ಗಣಿತದ ಅಧ್ಯಾಪಕ ವಿಲಿಯಂ ಸ್ಮಾಲ್, ವಿತ್ ಮತ್ತು ಈ ಹುಡುಗ ನಾಲ್ವರೂ ಅರಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂಡುತ್ತಿದ್ದರು. ಆ ಮೇಜಿನ ಮಾತುಗಳಿಂದ ಕಲಿತಷ್ಟನ್ನು ತಾನು ಬೇರೆಲ್ಲೂ ಕಲಿಯಲಿಲ್ಲವೆಂಬ ಭಾವವನ್ನು ಜೆಫರ್ಸನ್ ಮುಪ್ಪಿನಲ್ಲಿಯೂ ವ್ಯಕ್ತಪಡಿಸಿದ್ದಾನೆ. ತನ್ನ ಗುರು, ತನ್ನ ಜೀವದ ಗೆಳೆಯ ಎಂದು ಅವನು ವಿತ್‌ನನ್ನು ನೆನೆದಿದ್ದಾನೆ.

ಸ್ವಾತಂತ್ರ್ಯ ಘೋಷಣೆಯಾದ ವರ್ಷವೇ ವರ್ಜಿನಿಯಾ ತನ್ನ ಹಳೆಯ ಕಾನೂನುಗಳನ್ನೆಲ್ಲ ಜಾಲಿಸಿ ಹೊಸದಾಗಿ ರಚಿಸುವ ಸಮಿತಿಯೊಂದನ್ನು ನೇಮಿಸಿತು. ಐವರಲ್ಲಿ ಇಬ್ಬರು ಬೇಗನೆ ಹಿಂದೆ ಸರಿದರು. ಉಳಿದವರು ಜೆಫರ್ಸನ್, ವಿತ್ ಮತ್ತು ಎಡ್ಮಂಡ್ ಪೆಂಡಲ್ಟನ್. ೧೭೭೯ರ ಜೂನಿನಲ್ಲಿ ಅವರ ವರದಿ ಸಭೆಯ ಮುಂದೆ ಬಂತು. ಅದರಲ್ಲಿ ೧೨೬ ಮಸೂದೆಗಳಿದ್ದುವು. ವರದಿಯ ಕೊನೆಯಲ್ಲಿ ಜೆಫರ್ಸನ್ ಮತ್ತು ವಿತ್ ಇಬ್ಬರ ಸಹಿ. ಮತಸ್ವಾತಂತ್ರ್ಯದ ಪ್ರಸಿದ್ಧ ಶಾಸನದ ಮೂಲ ಅಲ್ಲಿದೆ. ಹಿರಿಯ ಮಗನಿಗೇ ಆಸ್ತಿಯೆಲ್ಲ ಎಂಬ ಪದ್ಧತಿಯನ್ನು ತೊಡೆದುಹಾಕಿದ ಮಸೂದೆಯೂ ಅಲ್ಲಿದೆ. ಕಿರಿಯ ಮಗನಾಗಿ ಹುಟ್ಟಿದ್ದ ವಿತ್‌ಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ಇವುಗಳ ನಡುವೆ ಐವತ್ತೊಂದನೆಯದಾಗಿ ಗುಲಾಮರನ್ನು ಕುರಿತ ಮಸೂದೆಯೊಂದಿತ್ತು. ಕಪ್ಪು ಜನರ ವಿರುದ್ಧದ ಮೊಕದ್ದಮೆಗಳಲ್ಲಿ, ಅಥವಾ ಕಪ್ಪು ಜನರ ನಡುವಿನ ವ್ಯಾಜ್ಯಗಳಲ್ಲಿ ಹೊರತು ಕಪ್ಪು ಅಥವಾ ಮಿಶ್ರವರ್ಣದ ಯಾರೂ ಸಾಕ್ಷಿಯಾಗಕೂಡದು ಎಂಬ ವಿಧಿ ಅದರಲ್ಲಿತ್ತು. ಹೊಸದಾಗಿ ಹುಟ್ಟಿಸಿದ ಕಟ್ಟಳೆಯಲ್ಲ ಇದು. ವಸಾಹತಿನ ಕಾಲದಿಂದ ಬಂದದ್ದನ್ನು ಸಂಗ್ರಹಿಸಿ ಇಟ್ಟದ್ದು. ೧೭೮೫ರಲ್ಲಿ ಅದು ಶಾಸನವಾಯಿತು. ಕೇಳುಗರು ಈ ವಿಧಿಯನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಂಡಿರಬೇಕು.

ಅದೇ ೧೭೭೯ರಲ್ಲಿ ಜೆಫರ್ಸನ್ ವರ್ಜಿನಿಯಾದ ಗವರ್ನರನಾದ. ತಾನು ಓದಿದ ವಿಲಿಯಂ ಅಂಡ್ ಮೇರಿ ಕಾಲೇಜನ್ನು ಸುಧಾರಿಸಲು ಕೈಹಾಕಿ, ಅಲ್ಲಿ ಕಾನೂನಿಗೆ ಒಂದು ಪೀಠವನ್ನು ಏರ್ಪಡಿಸಿದ. ಅದಕ್ಕೆ ಗುರುವಿನ ನೇಮಕವಾಯಿತು. ಅಮೆರಿಕದ ಕಾಲೇಜೊಂದರಲ್ಲಿ ಕಾನೂನಿಗೆ ಪ್ರಾಧ್ಯಾಪಕನೆಂದು ನೇಮಕಗೊಂಡವರಲ್ಲಿ ವಿತ್ ಮೊದಲಿಗ. ಪಾಠ ಹೇಳುವುದರಲ್ಲೇ ಅವನು ತೃಪ್ತನಾಗಲಿಲ್ಲ. ಮರುವರ್ಷ ರಾಜಧಾನಿ ರಿಚ್ಮಂಡಿಗೆ ಹೋದ ಮೇಲೆ ವಿಲಿಯಮ್ಸ್‌ಬರ್ಗಿನ ಶಾಸನಭವನ ಬರಿದಾಗಿತ್ತು. ಆ ಬರಿದಾದ ಸಭಾಂಗಣದಲ್ಲಿ ಅವನು ಹುಡುಗರಿಂದ ಅಣಕು ನ್ಯಾಯಾಲಯವನ್ನೂ ಅಣಕು ಶಾಸನಸಭೆಯನ್ನೂ ನಡೆಸಿದ. ಸಭಾಧ್ಯಕ್ಷ ತಾನೇ, ಹುಡುಗರು ಮಸೂದೆ ಮಂಡಿಸಬೇಕು, ವಾದಿಸಬೇಕು, ಸೋಲಬೇಕು. ಹೊಸ ಗಣರಾಜ್ಯಕ್ಕೆ ಬೇಕಾದದ್ದು ಕಕ್ಷಿಗಾರರನ್ನು ಗೆಲ್ಲಿಸುವ ವಕೀಲರಷ್ಟೇ ಅಲ್ಲ, ಸಾರ್ವಜನಿಕ ಕಾರ್ಯವನ್ನು ಹೊರಬಲ್ಲ ನಾಗರಿಕರು ಎಂಬುದು ಅವನ ಎಣಿಕೆ. ೧೭೮೦ರಲ್ಲಿ ಮೂರು ತಿಂಗಳ ಕಾಲ ಆ ಬೆಂಚಿನ ಮೇಲೆ ಕುಳಿತವರಲ್ಲಿ ಯುದ್ಧದಿಂದ ರಜ ಪಡೆದು ಬಂದಿದ್ದ ಜಾನ್ ಮಾರ್ಷಲ್ ಎಂಬ ತರುಣನೂ ಒಬ್ಬ. ಅವನ ಪಾಠದ ಟಿಪ್ಪಣಿಗಳ ನಡುನಡುವೆ ಪ್ರೇಯಸಿಯ ಹೆಸರೂ ಗೀಚಿರುವುದು ಇಂದಿಗೂ ಕಾಣುತ್ತದೆ. ಮುಂದೆ ಅಮೆರಿಕದ ಶ್ರೇಷ್ಠ ನ್ಯಾಯಾಧೀಶನೆಂದು ಹೆಸರಾದವನು ಇವನೇ.

ಆ ಶಿಷ್ಯನ ಮಹಾತೀರ್ಪಿನ ಬೀಜ ಗುರುವಿನಲ್ಲಿದೆ ಎಂದು ಹೇಳುವವರುಂಟು. ವಿತ್ ೧೭೭೮ರಿಂದಲೇ ಚಾನ್ಸರಿ ನ್ಯಾಯಾಲಯದ ನ್ಯಾಯಾಧೀಶನಾಗಿದ್ದ. ಕಾನೂನಿನ ಅಕ್ಷರ ತಲಪದ ಕಡೆ ಧರ್ಮದೃಷ್ಟಿಯಿಂದ ಪರಿಹಾರ ಕೊಡುವುದು ಈ ಬಗೆಯ ಕೋರ್ಟಿನ ಕೆಲಸ. ೧೭೮೨ರಲ್ಲಿ, ರಾಜದ್ರೋಹದ ಅಪರಾಧಿಗಳಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಅವನು ಹೇಳಿದ ಮಾತಿನ ತಾತ್ಪರ್ಯ ಇದು: ಶಾಸನಸಭೆಯೇ ತನ್ನ ಮೇರೆಯನ್ನು ಮೀರಿದರೆ ತಾನು ನ್ಯಾಯಪೀಠದಲ್ಲಿ ಕುಳಿತು ಸಂವಿಧಾನವನ್ನು ತೋರಿಸಿ, ನಿಮ್ಮ ಅಧಿಕಾರದ ಗಡಿ ಇಲ್ಲಿಗೆ ಮುಗಿಯಿತು, ಮುಂದೆ ಬರಬೇಡಿ ಎನ್ನುವೆ. ಇಪ್ಪತ್ತೊಂದು ವರ್ಷಗಳ ಅನಂತರ, ೧೮೦೩ರಲ್ಲಿ, ಇದೇ ತತ್ತ್ವವನ್ನು ಮಾರ್ಷಲ್ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಾಪಿಸಿದ.

೧೭೮೭ರಲ್ಲಿ ಸಂವಿಧಾನ ರಚನೆಗೆಂದು ಫಿಲಡೆಲ್ಫಿಯಾಕ್ಕೆ ಹೋದ ವಿತ್ ಹೆಂಡತಿಯ ಕಾಯಿಲೆಯ ಸುದ್ದಿ ಕೇಳಿ ಬೇಗನೆ ಮರಳಿದ. ಆಗಸ್ಟಿನಲ್ಲಿ ಆಕೆ ತೀರಿಕೊಂಡಳು. ಅದಾದ ಮೇಲೆ ಅವನು ತನ್ನ ಮನೆಯ ಅಡುಗೆಯಾಳಾದ ಲಿಡಿಯಾ ಬ್ರಾಡ್‌ನಾಕ್ಸ್ ಎಂಬ ಗುಲಾಮಳಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟ. ವಿತ್ ಕೂಡ ಗುಲಾಮರನ್ನು ಹೊಂದಿದ್ದವನೇ. ಆ ಪ್ರಾಂತದ ಭೂಮಾಲೀಕ ವರ್ಗದಲ್ಲಿ ಇದಕ್ಕೆ ಹೊರತಾದವರು ವಿರಳ. ಆದರೆ ಬಾಯಲ್ಲಿ ಸಮಾನತೆಯನ್ನು ಆಡಿ ಅದನ್ನು ಅಲ್ಲಿಗೇ ನಿಲ್ಲಿಸಿದ ಅನೇಕರಿಗಿಂತ ಅವನು ಮುಂದೆ ಹೋದ. ಬಿಡುಗಡೆ ಪಡೆದ ಲಿಡಿಯಾ ಅವನ ಮನೆಯ ಕೆಲಸವನ್ನು ಬಿಡಲಿಲ್ಲ. ೧೭೯೧ರಲ್ಲಿ ಅವನು ರಿಚ್ಮಂಡಿಗೆ ವಾಸ ಬದಲಿಸಿದಾಗ ಆಕೆಯೂ ಜೊತೆಗೆ ಬಂದಳು.

ರಿಚ್ಮಂಡಿನ ಮನೆಯಲ್ಲಿ ಮುದುಕನ ದಿನಚರಿ ವಿಚಿತ್ರವಾಗಿತ್ತು. ಚಳಿಗಾಲದಲ್ಲೂ ಬೆಳಗಿನ ಜಾವ ತಣ್ಣೀರಿನ ಸ್ನಾನ. ಸರಳ ಊಟ. ಕೇಳಿಕೊಂಡು ಬಂದ ಹುಡುಗರಿಗೆ ಪುಕ್ಕಟೆ ಪಾಠ. ಬಲಗೈ ವಾತದಿಂದ ಕೆಟ್ಟಿದ್ದರಿಂದ ಹೇಳಿ ಬರೆಸಲು ಹದಿನಾರರ ಹುಡುಗನೊಬ್ಬ ದೊರೆತ. ಹೆಸರು ಹೆನ್ರಿ ಕ್ಲೇ. ತನ್ನ ತೀರ್ಪುಗಳನ್ನು ಪೆಂಡಲ್ಟನ್ ಮುಖ್ಯಸ್ಥನಾಗಿದ್ದ ಅಪೀಲು ನ್ಯಾಯಾಲಯ ಆಗಾಗ ತಲೆಕೆಳಗು ಮಾಡುತ್ತಿದ್ದುದರಿಂದ ನೊಂದ ವಿತ್, ೧೭೯೫ರಲ್ಲಿ ತೀರ್ಪುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿ, ಮೇಲಿನವರು ಎಲ್ಲೆಲ್ಲಿ ಎಡವಿದರೆಂಬುದನ್ನು ಗ್ರೀಕ್ ಲ್ಯಾಟಿನ್ ಉದ್ಧರಣೆಗಳ ಸಮೇತ ತೋರಿಸಿದ. ಗ್ರೀಕ್‌ನ ಗಂಧವಿಲ್ಲದ ಕ್ಲೇ ಆ ಅಕ್ಷರಗಳನ್ನು ಚಿತ್ರ ಬರೆಯುವಂತೆ ನೋಡಿ ನೋಡಿ ತಿದ್ದಬೇಕಾಯಿತು. ಮುಂದೆ ಅಮೆರಿಕದ ರಾಜಕಾರಣದಲ್ಲಿ ದೊಡ್ಡ ಹೆಸರು ಮಾಡಿದ ಕ್ಲೇ ಈ ಕಷ್ಟವನ್ನು ಅರ್ಧಶತಮಾನದ ಬಳಿಕವೂ ಮರೆತಿರಲಿಲ್ಲ. ಅಷ್ಟೊಂದು ಪಾಂಡಿತ್ಯ ತೀರ್ಪಿಗೆ ಬೇಕಾಗಿತ್ತೆ? ಬೇಕಾಗಿರಲಿಲ್ಲವೆಂದೇ ನನ್ನ ಅನಿಸಿಕೆ. ಆ ಪುಸ್ತಕ ಓದುಗರನ್ನು ದೂರವಿರಿಸಿದ್ದು ಅದರಿಂದಲೇ.

ಆದರೆ ಎರಡು ತೀರ್ಪುಗಳನ್ನು ಮರೆಯುವಂತಿಲ್ಲ. ಜಾನ್ ಪ್ಲೆಸೆಂಟ್ಸ್ ಎಂಬ ಕ್ವೇಕರ್ ಪಂಥದವನು, ಕಾನೂನು ಒಪ್ಪುವ ಕಾಲ ಬಂದಾಗ ತನ್ನ ಗುಲಾಮರು ಮೂವತ್ತು ವರ್ಷ ತುಂಬಿದೊಡನೆ ಸ್ವತಂತ್ರರಾಗತಕ್ಕದ್ದೆಂದು ಉಯಿಲು ಬರೆದು ೧೭೭೧ರಲ್ಲಿ ತೀರಿಕೊಂಡಿದ್ದ. ೧೭೮೨ರಲ್ಲಿ ಕಾನೂನು ಒಪ್ಪಿತು; ವಾರಸುದಾರರು ಒಪ್ಪಲಿಲ್ಲ. ಮಗ ರಾಬರ್ಟ್ ದಾವೆ ಹೂಡಿದ. ೧೭೯೮ರಲ್ಲಿ ವಿತ್ ೪೦೦ಕ್ಕೂ ಹೆಚ್ಚು ಜನರ ಬಿಡುಗಡೆಯ ಪರವಾಗಿ ತೀರ್ಪಿತ್ತು, ಅಕ್ರಮವಾಗಿ ಹಿಡಿದಿಟ್ಟುಕೊಂಡ ಕಾಲದ ದುಡಿಮೆಯ ಪ್ರತಿಫಲವನ್ನೂ ಕೊಡಬೇಕೆಂದ. ಬಿಡುಗಡೆಯನ್ನು ಮೇಲಿನ ಕೋರ್ಟು ಷರತ್ತುಗಳೊಡನೆ ಒಪ್ಪಿತು, ಪ್ರತಿಫಲವನ್ನು ತಳ್ಳಿಹಾಕಿತು. ಎರಡನೆಯದು ರೈಟ್ ಎಂಬ ಮನೆತನದ ಹೆಂಗಸು ಮಕ್ಕಳ ಮೊಕದ್ದಮೆ. ಯಜಮಾನ ಅವರನ್ನು ಪ್ರಾಂತದಾಚೆಗೆ ಸಾಗಿಸಲು ಹೊರಟಿದ್ದ. ತಾವು ಮೂಲನಿವಾಸಿ ಇಂಡಿಯನ್ ತಾಯಿಯ ಸಂತತಿ, ಆದ್ದರಿಂದ ಸ್ವತಂತ್ರರು ಎಂದು ಅವರು ಮೊರೆಯಿಟ್ಟರು. ವಿತ್ ವಂಶದ ಮಾತನ್ನು ಒಪ್ಪಿದುದಲ್ಲದೆ ಅದಕ್ಕಿಂತ ಬಹುದೂರ ಸಾಗಿದ. ವರ್ಜಿನಿಯಾದ ಹಕ್ಕುಗಳ ಘೋಷಣೆ ಎಲ್ಲ ಮನುಷ್ಯರನ್ನೂ ಹುಟ್ಟಿನಿಂದ ಸ್ವತಂತ್ರರೆಂದು ಸಾರಿದೆ. ಆದಕಾರಣ ಒಬ್ಬ ಮನುಷ್ಯ ಗುಲಾಮನೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು, ಸ್ವಾತಂತ್ರ್ಯ ಕೇಳುವವನಲ್ಲ. ಮೇಲ್ಮನವಿ ಕೇಳಿದ ನ್ಯಾಯಾಧೀಶರಲ್ಲಿ ಸೇಂಟ್ ಜಾರ್ಜ್ ಟಕರ್, ಸ್ಪೆನ್ಸರ್ ರೋನ್ ಇಬ್ಬರೂ ವಿತ್‌ನ ಶಿಷ್ಯರೇ. ಟಕರ್ ಗುರುವಿನ ಪೀಠದಲ್ಲೇ ಕುಳಿತು ಪಾಠ ಹೇಳಿದವನು. ಗುಲಾಮಗಿರಿಯನ್ನು ಕ್ರಮವಾಗಿ ಕೊನೆಗಾಣಿಸಬೇಕೆಂದು ೧೭೯೬ರಲ್ಲಿ ಪ್ರಬಂಧ ಬರೆದವನು. ೧೮೦೬ರ ನವೆಂಬರಿನಲ್ಲಿ ಅವರು ರೈಟ್ ಮನೆತನದವರ ಬಿಡುಗಡೆಯನ್ನು ಎತ್ತಿಹಿಡಿದರು. ಗುರುವಿನ ತತ್ತ್ವ ಮಾತ್ರ ಬಿಳಿಯರಿಗೂ ಇಂಡಿಯನ್ನರಿಗೂ ಸಲ್ಲುತ್ತದೆ, ಆಫ್ರಿಕದ ಮೂಲದವರಿಗಲ್ಲ ಎಂದರು. ಆ ಮಾತನ್ನು ಕೇಳಲು ಗುರು ಬದುಕಿರಲಿಲ್ಲ.

ಅವನ ಮನೆಯಲ್ಲಿ ಲಿಡಿಯಾಳಲ್ಲದೆ ಮೈಕೇಲ್ ಬ್ರೌನ್ ಎಂಬ ಹದಿಹರೆಯದ ಹುಡುಗನಿದ್ದ. ಮಿಶ್ರವರ್ಣದವನು, ಸ್ವತಂತ್ರ. ಮುದುಕ ಅವನಿಗೆ ಲ್ಯಾಟಿನ್ ಗ್ರೀಕ್‌ಗಳನ್ನು ಕಲಿಸುತ್ತಿದ್ದ. ಈ ಹುಡುಗ ವಿತ್‌ನ ಮಗನೇ ಇರಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಊಹಿಸಿದರು. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ವಿದ್ಯೆ ಕಲಿಸಲು ರಕ್ತಸಂಬಂಧವೇ ಬೇಕೆನ್ನುವವರು ಆ ಮುದುಕನ ಹಿಂದಿನ ಐವತ್ತು ವರ್ಷಗಳನ್ನು ನೋಡಿಲ್ಲ. ಉಯಿಲಿನಲ್ಲಿ ವಿತ್ ಲಿಡಿಯಾಳ ಜೀವನಕ್ಕೆ ಏರ್ಪಾಡು ಮಾಡಿದ. ಮೈಕೇಲನಿಗೂ ತಂಗಿಯ ಮೊಮ್ಮಗ ಜಾರ್ಜ್ ಸ್ವೀನಿಗೂ ಬ್ಯಾಂಕಿನ ಷೇರುಗಳನ್ನು ಹಂಚಿದ. ಅಧ್ಯಕ್ಷನಾಗಿದ್ದ ಜೆಫರ್ಸನ್ ಮೈಕೇಲನ ವಿದ್ಯಾಭ್ಯಾಸವನ್ನು ನೋಡಿಕೊಳ್ಳಬೇಕೆಂದು ಕೋರಿದ. ಹುಡುಗ ಸತ್ತರೆ ಅವನ ಪಾಲು ಸ್ವೀನಿಗೆ ಸೇರುವಂತಿತ್ತು.

ಅದೇ ಮನೆಯಲ್ಲಿ ವಾಸವಾಗಿದ್ದ ಸ್ವೀನಿ ಹಿರಿಯನ ಪುಸ್ತಕಗಳನ್ನು ಕದ್ದು ಮಾರಿದ್ದ, ಅವನ ಹೆಸರಿನಲ್ಲಿ ಚೆಕ್ಕುಗಳಿಗೆ ಖೋಟಾ ಸಹಿ ಹಾಕುತ್ತಿದ್ದ. ೧೮೦೬ರ ಮೇ ೨೫ರ ಭಾನುವಾರ ಬೆಳಗಿನ ಉಪಾಹಾರದ ಬಳಿಕ ವಿತ್, ಲಿಡಿಯಾ, ಮೈಕೇಲ್ ಮೂವರಿಗೂ ವಾಂತಿಭೇದಿ ಹತ್ತಿತು. ಜೂನ್ ೧ರಂದು ಮೈಕೇಲ್ ಸತ್ತ. ವಿಷಪ್ರಯೋಗವಾಗಿದೆಯೆಂದು ವಿತ್‌ಗೆ ಖಚಿತವಾಯಿತು. ಪ್ರಾಣ ಹೋಗುವ ಮೊದಲು ಉಯಿಲನ್ನು ತಿದ್ದಿ ಸ್ವೀನಿಯ ಹೆಸರನ್ನು ಹೊಡೆದುಹಾಕಿದ. ಜೂನ್ ೮ರಂದು ಎಂಬತ್ತರ ಆ ಮುದುಕ ತೀರಿಕೊಂಡ. ಶಾಸನಭವನದಲ್ಲಿ ಚರಮಭಾಷಣ ನಡೆಯಿತು; ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಮಣ್ಣುಮಾಡಿದರು.

ಸೆಪ್ಟೆಂಬರಿನಲ್ಲಿ ಸ್ವೀನಿಯ ವಿಚಾರಣೆ. ಅವನ ಪರವಾಗಿ ನಿಂತವರು ಎಡ್ಮಂಡ್ ರಾಂಡಾಲ್ಫ್ ಮತ್ತು ವಿಲಿಯಂ ವರ್ಟ್. ಒಬ್ಬ ದೇಶದ ಮೊದಲ ಅಟಾರ್ನಿ ಜನರಲ್ ಆಗಿದ್ದವನು, ಇನ್ನೊಬ್ಬ ಮುಂದೆ ಅದೇ ಹುದ್ದೆಗೆ ಏರಿದವನು. ಶವವನ್ನು ಪರೀಕ್ಷಿಸಿದ ವೈದ್ಯರು ಸಾವು ವಿಷದಿಂದಲೇ ಆಯಿತೆಂದು ಖಚಿತವಾಗಿ ಹೇಳದಾದರು. ಪಾಷಾಣವನ್ನು ದೇಹದಲ್ಲಿ ನಿಸ್ಸಂದೇಹವಾಗಿ ಕಂಡುಹಿಡಿಯುವ ಜೇಮ್ಸ್ ಮಾರ್ಷನ ರಾಸಾಯನಿಕ ಪರೀಕ್ಷೆ ಬಂದದ್ದು ೧೮೩೬ರಲ್ಲಿ. ಹಾಗಾದರೆ ಕಣ್ಣಾರೆ ಕಂಡವರು ಯಾರೂ ಇರಲಿಲ್ಲವೆ? ಇದ್ದಳು. ವಿಷವನ್ನು ಉಂಡು ಬದುಕಿದ ಲಿಡಿಯಾ. ಆ ಬೆಳಗ್ಗೆ ಸ್ವೀನಿ ಅಡುಗೆಮನೆಗೆ ಬಂದು ಕಾಫಿಯ ಪಾತ್ರೆಯ ಬಳಿ ಸುಳಿದಾಡಿ, ಒಂದು ಕಾಗದದ ಚೂರನ್ನು ಬೆಂಕಿಗೆ ಎಸೆದನೆಂದು ಆಕೆ ಹೇಳಿದಳೆಂಬುದನ್ನು ರಿಚ್ಮಂಡಿನ ವೈದ್ಯನೊಬ್ಬ ಬಹಳ ವರ್ಷಗಳ ಮೇಲೆ ಬರೆದಿಟ್ಟಿದ್ದಾನೆ. ಆಕೆ ಬೀದಿಯಲ್ಲಿ ಅದನ್ನು ಹೇಳಬಹುದಾಗಿತ್ತು, ನೆರೆಮನೆಯಲ್ಲಿ ಹೇಳಬಹುದಾಗಿತ್ತು, ನ್ಯಾಯಾಲಯದಲ್ಲಿ ಹೇಳುವಂತಿರಲಿಲ್ಲ. ಆಪಾದಿತ ಬಿಳಿಯ, ಸಾಕ್ಷಿ ಕಪ್ಪು ಹೆಂಗಸು. ವಿತ್ ಮತ್ತು ಜೆಫರ್ಸನ್ ಸಹಿ ಮಾಡಿದ ವರದಿಯ ಐವತ್ತೊಂದನೆಯ ಮಸೂದೆಯ ವಿಧಿ ಇಲ್ಲಿ ಬಾಗಿಲಿಗೆ ಅಡ್ಡ ನಿಂತಿತು.

ಹಳೆಯ ಕಟ್ಟಳೆಗಳನ್ನು ಒಟ್ಟುಗೂಡಿಸುವಾಗ ಆ ಸಾಲು ಬರವಣಿಗೆಯಲ್ಲಿ ಸದ್ದಿಲ್ಲದೆ ಹಾದುಹೋಗಿರಬೇಕು. ಅದನ್ನು ಬರೆದದ್ದು ವಿತ್‌ನ ಕೈ ಎಂದು ಹೇಳಲು ಬರುವುದಿಲ್ಲ. ಮುಂದೆ ಅವನು ನಡೆದ ದಾರಿಯೂ ಬೇರೆ. ಆದರೂ ಸಹಿ ಅವನದೇ.

ಜ್ಯೂರಿ ಸ್ವೀನಿಯನ್ನು ಕೊಲೆಯ ಆಪಾದನೆಯಿಂದ ಬಿಡುಗಡೆ ಮಾಡಿತು. ಖೋಟಾ ಸಹಿಯ ಅಪರಾಧ ಸಾಬೀತಾಯಿತು. ಆದರೆ ಅಂದಿನ ಶಾಸನ ವ್ಯಕ್ತಿಗಳಿಗೆ ಮಾಡುವ ಮೋಸವನ್ನು ಹೇಳಿತ್ತೇ ಹೊರತು ಬ್ಯಾಂಕಿಗೆ ಮಾಡುವ ಮೋಸವನ್ನಲ್ಲ ಎಂಬ ವಾದ ಎದ್ದು, ಆ ಶಿಕ್ಷೆಯೂ ಬಿದ್ದುಹೋಯಿತು. ಅವನು ರಿಚ್ಮಂಡನ್ನು ಬಿಟ್ಟು ಪಶ್ಚಿಮದ ಕಡೆ ಹೊರಟುಹೋದ.

ಉಯಿಲಿನಂತೆ ಗುರುವಿನ ಪುಸ್ತಕಗಳೂ ಬೆಳ್ಳಿಯ ಬಟ್ಟಲುಗಳೂ ಚಿನ್ನದ ಹಿಡಿಯ ಊರುಗೋಲೂ ಜೆಫರ್ಸನ್ನನಿಗೆ ಬಂದುವು. ೧೮೦೭ರಲ್ಲಿ ಅವನಿಗೆ ಲಿಡಿಯಾ ಬ್ರಾಡ್‌ನಾಕ್ಸಳ ಒಂದು ಕಾಗದ ಬಂತು. ವಿಷ ಉಂಡಂದಿನಿಂದ ಕಣ್ಣು ಮಂಜಾಗಿದೆ, ದುಡಿಯಲು ಆಗುತ್ತಿಲ್ಲ, ಕೈಲಾದ ಸಹಾಯ ಮಾಡಬೇಕು ಎಂದು ಆಕೆ ಬೇಡಿದ್ದಳು. ಅಮೆರಿಕದ ಅಧ್ಯಕ್ಷ ರಿಚ್ಮಂಡಿನವನೊಬ್ಬನ ಮೂಲಕ ಆಕೆಗೆ ೫೦ ಡಾಲರುಗಳನ್ನು ಕೊಡಿಸಿದ.